ಸುಝೌ ನಗರದ ವಸ್ತುಸಂಗ್ರಹಾಲಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ಶಾಂಘೈಗೆ ಹೋಗಿ ಒಂದು ದಿನ ಬಿಡುವು ಸಿಕ್ಕಿದವರು, ಚೀನಾದ ಕಲೆಯ ಬಗ್ಗೆ ಕುತೂಹಲ ಇರುವವರು, ವಾಸ್ತುಶಿಲ್ಪ ಓದುತ್ತಿರುವವರು ಸುಝೌ ವಸ್ತುಸಂಗ್ರಹಾಲಯದ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳಿಗೆ ಇಲ್ಲಿ ಉತ್ತರಗಳಿವೆ. ಕೆಲವು ಉತ್ತರಗಳು ಉದ್ದವಾಗಿವೆ, ಅಲ್ಲಿ ಹೇಳುವುದಕ್ಕೆ ಬಹಳವಿದೆ.

ಸುಝೌ ಎಲ್ಲಿದೆ?

ಚೀನಾದ ಪೂರ್ವದಲ್ಲಿ, ಜಿಯಾಂಗ್ಸು ಪ್ರಾಂತ್ಯದಲ್ಲಿ. ಶಾಂಘೈಯಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್. ಅತಿವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಕ್ರಿಸ್ತಪೂರ್ವ 514ರಲ್ಲಿ ವೂ ರಾಜ್ಯದ ದೊರೆ ಹೆಲ್ಯೂ ಇಲ್ಲಿ ರಾಜಧಾನಿ ಕಟ್ಟಿಸಿದನೆಂದು ಚೀನೀ ಇತಿಹಾಸಗಳು ಹೇಳುತ್ತವೆ. ಕಾಲುವೆಗಳು, ರೇಷ್ಮೆ, ಉದ್ಯಾನಗಳು ಈ ಊರಿಗೆ ಹೆಸರು ತಂದವು.

ಇದು ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಂತೆ ದೊಡ್ಡದೇ?

ಅಲ್ಲ. ಆ ನಿರೀಕ್ಷೆ ಇಟ್ಟುಕೊಂಡು ಬಂದವರು ಒಂದು ಗಂಟೆಯಲ್ಲಿ ಎಲ್ಲ ಕೊಠಡಿಗಳನ್ನೂ ಸುತ್ತಿ, ‘ಇಷ್ಟೇಯೇ?’ ಎಂದು ಕೇಳುತ್ತಾರೆ. ಇದು ಒಂದು ಊರಿನ ಸಂಗ್ರಹ. ಸಾಮ್ರಾಟರ ಖಜಾನೆಯಿಂದ ಬಂದ ಸರಕು ಇಲ್ಲಿ ಸಿಗುವುದಿಲ್ಲ. ಸುಝೌನ ಎರಡು ಬೌದ್ಧ ಗೋಪುರಗಳೊಳಗೆ ಸಿಕ್ಕ ವಸ್ತುಗಳು, ಸುತ್ತಲಿನ ಸಮಾಧಿಗಳಲ್ಲಿ ಸಿಕ್ಕ ವಸ್ತುಗಳು, ಇಲ್ಲಿಯ ಪಂಡಿತರು ಮೇಜಿನ ಮೇಲಿಟ್ಟುಕೊಳ್ಳುತ್ತಿದ್ದ ಮಸಿಕಲ್ಲು, ಕುಂಚ, ಜೇಡ್ ಕೆತ್ತನೆಗಳು, ಬಿದಿರಿನ ಕೆತ್ತನೆಗಳು, ಇಲ್ಲಿಯ ಚಿತ್ರಕಾರರ ಸುರುಳಿಗಳು. ಬಹುಪಾಲು ವಸ್ತುಗಳು ಅಂಗೈಯಷ್ಟೇ ಇವೆ. ನಿಧಾನವಾಗಿ, ಗಾಜಿಗೆ ಮುಖ ಹತ್ತಿರ ತಂದು ನೋಡುವವರಿಗೆ ಮಾತ್ರ ಈ ಸಂಗ್ರಹ ತೆರೆದುಕೊಳ್ಳುತ್ತದೆ.

ಕಟ್ಟಡದ ಬಗ್ಗೆಯೇ ಎಲ್ಲರೂ ಮಾತನಾಡುತ್ತಾರಲ್ಲ, ಯಾಕೆ?

ಅದನ್ನು ವಿನ್ಯಾಸ ಮಾಡಿದವರು ಐ. ಎಂ. ಪೇ. ಪ್ಯಾರಿಸ್‌ನ ಲೂವ್ರ್ ಅಂಗಳದಲ್ಲಿ ಗಾಜಿನ ಪಿರಮಿಡ್ ಕಟ್ಟಿದವರು ಇವರೇ. ಪೇ ಹುಟ್ಟಿದ್ದು 1917ರಲ್ಲಿ ಗುವಾಂಗ್‌ಝೌನಲ್ಲಿ. ಆದರೆ ಮನೆತನ ಸುಝೌನದು. ವಸ್ತುಸಂಗ್ರಹಾಲಯದಿಂದ ಕೆಲವೇ ನಿಮಿಷ ನಡೆದರೆ ಸಿಗುವ ‘ಸಿಂಹವನ’ ಎಂಬ ಉದ್ಯಾನ ಒಂದು ಕಾಲಕ್ಕೆ ಅವರ ಕುಟುಂಬದ ಆಸ್ತಿಯಾಗಿತ್ತು. ಬಾಲ್ಯದ ಬೇಸಿಗೆ ರಜೆಗಳಲ್ಲಿ ಅವರು ಅಲ್ಲಿಯ ಕಲ್ಲುಗುಹೆಗಳಲ್ಲಿ ಆಡಿದ್ದರು. ಹದಿಹರೆಯದಲ್ಲಿ ಅಮೆರಿಕಕ್ಕೆ ಓದಲು ಹೋದವರು ಅಲ್ಲೇ ನೆಲೆಸಿದರು. ಸುಝೌ ಆಡಳಿತ ಈ ಕೆಲಸ ಒಪ್ಪಿಸಿದಾಗ ಅವರಿಗೆ 85 ದಾಟುತ್ತಿತ್ತು. 2006ರ ಅಕ್ಟೋಬರ್‌ನಲ್ಲಿ ಹೊಸ ಕಟ್ಟಡ ಬಾಗಿಲು ತೆರೆಯಿತು. 2019ರಲ್ಲಿ ಅವರು ತೀರಿಕೊಂಡಾಗ ವಯಸ್ಸು 102.

ಅವರಿಗೆ ಎದುರಾದ ಸಮಸ್ಯೆ ಸುಲಭದ್ದಾಗಿರಲಿಲ್ಲ. ಪಕ್ಕದ ಗೋಡೆಯಾಚೆ ಇರುವುದು ಝುವೊಝೆಂಗ್ ಉದ್ಯಾನ, ಅಂದರೆ 16ನೆಯ ಶತಮಾನದ ಆರಂಭದಲ್ಲಿ ನಿವೃತ್ತ ಅಧಿಕಾರಿಯೊಬ್ಬ ಕಟ್ಟಿಸಿದ, 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಉದ್ಯಾನ. ಇನ್ನೊಂದು ಬದಿಗೆ 19ನೆಯ ಶತಮಾನದ ಅರಮನೆ. ಇವೆರಡರ ಮಗ್ಗುಲಲ್ಲಿ ಎತ್ತರದ ಕಟ್ಟಡ ತಲೆಯೆತ್ತಿದರೆ ಇಡೀ ಬೀದಿಯ ಅಂದ ಕೆಡುತ್ತದೆ. ಹಾಗಾಗಿ ಪೇ ಕಟ್ಟಡವನ್ನು ತಗ್ಗಿಸಿದರು, ಒಂದು ಅಂತಸ್ತನ್ನು ನೆಲದಡಿಗೆ ಇಳಿಸಿದರು. ಗೋಡೆಗೆ ಸುಝೌನ ಹಳೆಯ ಮನೆಗಳ ಸುಣ್ಣದ ಬಿಳುಪು, ಅಂಚಿಗೆ ಬೂದುಬಣ್ಣ. ಆದರೆ ಹೆಂಚು ಮಾತ್ರ ಬೇಡವೆಂದರು. ಹೆಂಚು ಒಡೆಯುತ್ತದೆ, ಸೋರುತ್ತದೆ, ಮೇಲಾಗಿ ಅವರಿಗೆ ಬೇಕಿದ್ದ ತ್ರಿಕೋನ, ಚೌಕ, ವಜ್ರಾಕಾರದ ಮಾಡುಗಳ ಮೇಲೆ ಅದು ಕೂರುವುದಿಲ್ಲ. ಬದಲಿಗೆ ಕಡುಬೂದು ಗ್ರಾನೈಟ್ ಹಾಸಿದರು. ಬಿಸಿಲಿನಲ್ಲಿ ಅದು ತಿಳಿಬೂದು, ಮಳೆ ನೆನೆದಾಗ ಕಡುಗಪ್ಪು.

ಒಳಗೆ ಹೋದಾಗ ತಲೆಯೆತ್ತಿ ನೋಡಿ. ಮಾಡಿನ ಗಾಜಿನ ಕೆಳಗೆ ಮರದ ಬಣ್ಣದ ತೆಳುಪಟ್ಟಿಗಳನ್ನು ಸಾಲಾಗಿ ಜೋಡಿಸಿದ್ದಾರೆ. ಮುಟ್ಟಿದರೆ ಲೋಹ, ನೋಡಿದರೆ ಮರ. ಬಿಸಿಲು ಅವುಗಳ ಸಂದಿನಿಂದ ಇಳಿದು ಬಿಳಿ ಗೋಡೆಯ ಮೇಲೆ ಗೆರೆಗೆರೆಯಾಗಿ ಬೀಳುತ್ತದೆ, ಹೊತ್ತು ಸರಿದಂತೆ ಆ ಗೆರೆಗಳೂ ಸರಿಯುತ್ತವೆ. ಮೊಗಸಾಲೆಗಳಲ್ಲಿ ಅಲ್ಲಲ್ಲಿ ಷಟ್ಕೋನದ ಕಿಟಕಿಗಳಿವೆ. ಪ್ರತಿಯೊಂದರಾಚೆಗೂ ಒಂದೆರಡು ಬಿದಿರು ಅಥವಾ ಒಂದು ಮರ, ಚೌಕಟ್ಟು ಹಾಕಿದ ಚಿತ್ರದ ಹಾಗೆ. ಹಳೆಯ ಸುಝೌ ಉದ್ಯಾನಗಳ ಉಪಾಯ ಇದು. ಪೇ ಅದನ್ನು ಉಕ್ಕು, ಗಾಜುಗಳಲ್ಲಿ ಮತ್ತೆ ಮಾಡಿ ತೋರಿಸಿದರು.

ಕಟ್ಟುವಾಗ ವಿರೋಧ ಬಂದಿತ್ತಂತೆ, ನಿಜವೇ?

ನಿಜ. ವಿಶ್ವ ಪರಂಪರೆಯ ಉದ್ಯಾನಕ್ಕೆ ಅಂಟಿಕೊಂಡೇ ಹೊಸ ಕಟ್ಟಡ ಬೇಕೇ, ಅದಕ್ಕಾಗಿ ಹಳೆಯ ಮನೆಗಳನ್ನು ಕೆಡವಬೇಕೇ ಎಂದು ಚೀನಾದ ಪರಂಪರೆ ತಜ್ಞರೇ ಕೆಲವರು ತಕರಾರು ತೆಗೆದರು. ಕಟ್ಟಡ ಚೆನ್ನಾಗಿ ಬಂದ ಮಾತ್ರಕ್ಕೆ ಅವರ ಪ್ರಶ್ನೆ ತಪ್ಪಾಗಿತ್ತು ಎನ್ನಲಾಗದು. ಇದೇ ಜಾಗ ಇನ್ನೊಬ್ಬರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಊಹಿಸಿದರೆ ಅವರ ಆತಂಕ ಅರ್ಥವಾಗುತ್ತದೆ.

ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಆ ಕಲ್ಲುಗಳು ಏನು?

ನಡುವಿನ ಕೊಳದಾಚೆ, ಬಿಳಿ ಗೋಡೆಯ ಬುಡದಲ್ಲಿ ಸಾಲಾಗಿ ನಿಂತ ಕಲ್ಲಿನ ಚಪ್ಪಡಿಗಳು. ದೂರದಿಂದ ಮಂಜು ಕವಿದ ಬೆಟ್ಟಸಾಲು ಕಂಡಂತೆ ಕಾಣುತ್ತದೆ. ಸುಝೌ ಉದ್ಯಾನಗಳಲ್ಲಿ ರೂಢಿಯಲ್ಲಿರುವುದು ತಾಯ್ ಸರೋವರದ ತೂತುತೂತಾದ ಸುಣ್ಣಕಲ್ಲು. ಅದನ್ನು ಪೇರಿಸಿ ಗುಡ್ಡ ಮಾಡುವ ಕಲೆಯಲ್ಲಿ ಹಿಂದಿನವರನ್ನು ಮೀರಿಸುವುದು ಸಾಧ್ಯವಿಲ್ಲವೆಂದು ಪೇ ಆ ದಾರಿಗೇ ಹೋಗಲಿಲ್ಲ. ಶಾಂಡೊಂಗ್ ಪ್ರಾಂತ್ಯದಿಂದ ಬಂಡೆ ತರಿಸಿ ಚಪ್ಪಡಿ ಚಪ್ಪಡಿಯಾಗಿ ಕೊಯ್ಯಿಸಿದರು, ಬೆಂಕಿಯ ಉರಿ ತಾಗಿಸಿ ಬಣ್ಣ ಹದ ಮಾಡಿಸಿದರು. ಮುಂದಿನವು ಗಾಢ, ಹಿಂದಿನವು ಮಸುಕು. ಅವರ ಮನಸ್ಸಿನಲ್ಲಿದ್ದುದು ಸಾಂಗ್ ಕಾಲದ ಚಿತ್ರಕಾರ ಮೀ ಫೂ ಬರೆಯುತ್ತಿದ್ದ ಬೆಟ್ಟಗಳು. ಬಿಳಿ ಗೋಡೆಯೇ ಕಾಗದ. ಆ ಗೋಡೆಯ ಹಿಂದಿನಿಂದ ಇಣುಕುವ ಮರಗಳು ಝುವೊಝೆಂಗ್ ಉದ್ಯಾನದವು, ನೆರೆಮನೆಯಿಂದ ಕಡ ತಂದ ದೃಶ್ಯ.

ಫೋಟೊಕ್ಕೆ ಕಾಯುವವರ ಸಾಲು ದಿನವಿಡೀ ಇರುತ್ತದೆ. ಸೇತುವೆಯ ಮೇಲೆ ನಿಂತು ಹತ್ತು ಸೆಕೆಂಡಿನಲ್ಲಿ ಮುಗಿಸುವ ಬದಲು, ಎದುರು ಬದಿಯಲ್ಲಿ ಸುಮ್ಮನೆ ಹತ್ತು ನಿಮಿಷ ಕೂತು ನೋಡುವುದು ವಾಸಿ.

ಒಂದೇ ಒಂದು ವಸ್ತು ನೋಡಲು ಹೊತ್ತಿದ್ದರೆ ಯಾವುದನ್ನು ನೋಡಬೇಕು?

ಮುತ್ತಿನ ಧಾತುಸ್ತಂಭ, ಅಂದರೆ ಬುದ್ಧನ ಅವಶೇಷ ಇಡಲೆಂದು ಮಾಡಿದ ಸ್ತಂಭ. ಇದರಲ್ಲಿ ಎರಡು ಮಾತಿಲ್ಲ.

1978ರ ವಸಂತದಲ್ಲಿ ಸುಝೌನ ನೈರುತ್ಯ ಮೂಲೆಯ ರುಯಿಗ್ವಾಂಗ್ ಗೋಪುರವನ್ನು ಶಾಲೆಯ ಹುಡುಗರು ಹತ್ತಿದರು. ಹಕ್ಕಿಗೂಡು ಹುಡುಕುವುದು ಅವರ ಕೆಲಸ. ಮೂರನೆಯ ಅಂತಸ್ತಿನ ಇಟ್ಟಿಗೆಗಳ ನಡುವೆ ಅವರಿಗೆ ಸಿಕ್ಕಿದ್ದು ಮುಚ್ಚಿಟ್ಟ ಗೂಡು. ಅದರೊಳಗೆ ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಪೆಟ್ಟಿಗೆ, ಒಳಪೆಟ್ಟಿಗೆಯ ನಾಲ್ಕು ಮಗ್ಗುಲಿಗೂ ನಾಲ್ಕು ದಿಕ್ಕುಗಳ ಕಾವಲು ರಾಜರ ಚಿತ್ರ. ಎಲ್ಲವನ್ನೂ ತೆಗೆದಾಗ ಬಂದದ್ದು 122.6 ಸೆಂಟಿಮೀಟರ್ ಎತ್ತರದ ಈ ಸ್ತಂಭ. ಪೆಟ್ಟಿಗೆಯ ಮೇಲಿನ ಬರಹದ ಪ್ರಕಾರ ಕಾಲ 1013, ಉತ್ತರ ಸಾಂಗ್ ವಂಶದ ದಿನಗಳು.

ಹತ್ತಿರ ಹೋಗಿ ಬುಡದಿಂದ ಮೇಲಕ್ಕೆ ನೋಡುತ್ತಾ ಬನ್ನಿ. ಎಂಟು ಮೂಲೆಯ ಪೀಠ. ಅದರ ಮೇಲೆ ಅಲೆಗಳೇಳುವ ಸಮುದ್ರ, ಸಮುದ್ರದ ನಡುವಿನಿಂದ ಮೇಲೇಳುವ ಮೇರು ಪರ್ವತ. ಸುತ್ತಲೂ ಹತ್ತು ಸೆಂಟಿಮೀಟರಿನ ಆಸುಪಾಸಿನ ಮರದ ದೇವತೆಗಳು, ಕಾವಲುಗಾರರು. ಕಣ್ಣಿನ ರೆಪ್ಪೆ, ಕವಚದ ಮಡಿಕೆ, ಉಡುಪಿನ ನೆರಿಗೆ ಎಲ್ಲವೂ ಸ್ಪಷ್ಟ. ಅದರಾಚೆ ಗುಡಿಯಂಥ ಮಂಟಪ, ಅದರೊಳಗೆ ಮಂತ್ರ ಕೊರೆದ ಪುಟ್ಟ ಕಂಬ. ತುದಿಯಲ್ಲಿ ಸ್ಫಟಿಕದ ಗುಂಡು, ಅದರ ಸುತ್ತ ಲೋಹದ ತಂತಿಯ ಜ್ವಾಲೆ. ಇಡೀ ಸ್ತಂಭದ ಮೇಲೆ ಬೆಳ್ಳಿ ಬಂಗಾರದ ತಂತಿಗೆ ಪೋಣಿಸಿದ ಮೂವತ್ತು ಸಾವಿರಕ್ಕೂ ಹೆಚ್ಚು ಮುತ್ತುಗಳು. ಅವು ಅಕ್ಕಿಕಾಳಿಗಿಂತ ಚಿಕ್ಕವು. ಒಂದೊಂದಕ್ಕೂ ಯಾರೋ ಕೂತು ತೂತು ಕೊರೆದಿದ್ದಾರೆ.

ಇಷ್ಟೆಲ್ಲ ಮಾಡಿ ಅದನ್ನು ಗೋಪುರದ ಗೋಡೆಯೊಳಗೆ ಹೂತರು. ಯಾರೂ ನೋಡಲೆಂದು ಮಾಡಿದ್ದಲ್ಲ ಇದು.

ಇದರಲ್ಲಿ ಭಾರತದ ನಂಟು ಏನಾದರೂ ಇದೆಯೇ?

ಇದೆ, ಎಳೆದು ತರಬೇಕಾದ ನಂಟೂ ಅಲ್ಲ. ಮೇರು ಪರ್ವತ, ದಿಕ್ಕು ಕಾಯುವ ನಾಲ್ವರು ಮಹಾರಾಜರು, ಬುದ್ಧನ ಧಾತುವನ್ನು ಸ್ತೂಪದಲ್ಲಿ ಇಡುವ ಪದ್ಧತಿ ಎಲ್ಲವೂ ಬೌದ್ಧಧರ್ಮದ ಜೊತೆ ಹೋದವು. ಆ ಪೆಟ್ಟಿಗೆಯಲ್ಲಿ ಸ್ತಂಭದ ಜೊತೆಗೆ ಮರದ ಅಚ್ಚಿನಿಂದ ಮುದ್ರಿಸಿದ ಎರಡು ಹಾಳೆಗಳೂ ಸಿಕ್ಕವು. ಎರಡೂ ಮಹಾಪ್ರತಿಸರಾ ಧಾರಣಿ ಎಂಬ ರಕ್ಷಾಮಂತ್ರದವು. ಒಂದು 1001ರದ್ದು, ಚೀನೀ ಲಿಪಿಯದ್ದು. ಇನ್ನೊಂದು 1005ರದ್ದು, ಅದರಲ್ಲಿ ಸಂಸ್ಕೃತವನ್ನೇ ಅಚ್ಚು ಮಾಡಿದ್ದಾರೆ. ಅದರ ನಡುವಿನ ಬುದ್ಧನ ಸುತ್ತ ಹನ್ನೆರಡು ರಾಶಿಗಳ ಚಿತ್ರಗಳಿವೆ, ಜೊತೆಗೆ ಇಪ್ಪತ್ತೆಂಟು ನಕ್ಷತ್ರಗಳು. ನಮ್ಮ ಪಂಚಾಂಗದಲ್ಲಿ ಇಪ್ಪತ್ತೇಳು. ಅಭಿಜಿತ್ ಸೇರಿಸಿದರೆ ನಮ್ಮಲ್ಲೂ ಇಪ್ಪತ್ತೆಂಟೇ. ತಂಜಾವೂರಿನಲ್ಲಿ ರಾಜರಾಜ ಚೋಳ ದೊಡ್ಡ ದೇವಾಲಯ ಕಟ್ಟಿಸುತ್ತಿದ್ದ ದಿನಗಳಲ್ಲಿ ಸುಝೌನಲ್ಲಿ ಸಂಸ್ಕೃತ ಅಚ್ಚಾಗುತ್ತಿತ್ತು. ಹಳೆಯ ಕಾಗದವಾದ್ದರಿಂದ ಈ ಹಾಳೆಗಳನ್ನು ಸದಾಕಾಲ ಹೊರಗೆ ಇಡುವುದಿಲ್ಲ.

ಹಸಿರು ಬಟ್ಟಲಿನ ಮುಂದೆ ಯಾಕಷ್ಟು ಜನ?

ಅದು ‘ಗುಪ್ತವರ್ಣ’ದ ಕಮಲದ ಬಟ್ಟಲು. ಸುಝೌನ ಹುಲಿಗುಡ್ಡದ ಮೇಲೆ ವಾಲಿಕೊಂಡು ನಿಂತಿರುವ, 961ರಲ್ಲಿ ಮುಗಿದ ಇಟ್ಟಿಗೆ ಗೋಪುರದೊಳಗೆ 1950ರ ದಶಕದ ದುರಸ್ತಿ ಕೆಲಸದ ವೇಳೆ ಸಿಕ್ಕಿದ್ದು. ಬಟ್ಟಲು, ಅದರಡಿಯ ಪೀಠ ಎರಡೂ ಸೇರಿ ಅರಳಿದ ತಾವರೆ. ಯುವೆ ಎಂಬ ಕುಂಬಾರಿಕೆ ಗೂಡುಗಳಲ್ಲಿ ರಾಜಮನೆತನಕ್ಕೆಂದು ಸುಡುತ್ತಿದ್ದ ಈ ಬಗೆಯ ಪಿಂಗಾಣಿಯನ್ನು ಕವಿಗಳು ಹೊಗಳಿ ಬರೆದಿದ್ದರು. ಆದರೆ ಆ ಹೆಸರಿನ ಪಿಂಗಾಣಿ ಇಂಥದ್ದೇ ಎಂದು ತೋರಿಸುವ ಪುರಾವೆ ಬಹುಕಾಲ ಇರಲಿಲ್ಲ. 1987ರಲ್ಲಿ ಶಾಂಕ್ಸಿ ಪ್ರಾಂತ್ಯದ ಫಾಮೆನ್ ದೇವಾಲಯದ ನೆಲಮಾಳಿಗೆ ತೆರೆದಾಗ ಪಾತ್ರೆಗಳೊಂದಿಗೆ ಅವುಗಳ ಪಟ್ಟಿ ಕೊರೆದ ಕಲ್ಲೂ ಸಿಕ್ಕಿತು. ಆ ಬಳಿಕವೇ ಗೊಂದಲ ತೀರಿದ್ದು. ಬಣ್ಣ ಫೋಟೊದಲ್ಲಿ ಬರುವುದಿಲ್ಲ, ಆ ಪ್ರಯತ್ನ ಬಿಟ್ಟು ನೋಡಿ.

ಅಲ್ಲಿಯ ಕಂಚಿನ ಖಡ್ಗ ಯಾರದ್ದು?

ವೂ ರಾಜ್ಯದ ಕೊನೆಯ ದೊರೆ ಫೂಚಾಯ್‌ನದ್ದು. ಕಂಚಿನ ಅಲಗಿನ ಮೇಲೆ ಹತ್ತು ಅಕ್ಷರಗಳು. ವೂ ದೊರೆ ಫೂಚಾಯ್ ತನ್ನ ಬಳಕೆಗೆಂದು ಮಾಡಿಸಿದ್ದು ಎಂಬುದು ಅದರ ಸಾರ. ಅವನ ತಂದೆ ಹೆಲ್ಯೂ ನೆರೆಯ ಯುವೆ ರಾಜ್ಯದವರೊಡನೆ ಕಾದಾಡಿ ಸತ್ತ. ಮಗ ಸೇಡು ತೀರಿಸಿಕೊಂಡು ಯುವೆಯ ದೊರೆ ಗೌಜಿಯಾನ್‌ನನ್ನು ಸೆರೆಹಿಡಿದ, ಆಮೇಲೆ ಬಿಟ್ಟ. ಬಿಡುಗಡೆಯಾದ ಗೌಜಿಯಾನ್ ಹುಲ್ಲಿನ ಮೇಲೆ ಮಲಗಿ, ಪಿತ್ತದ ಕಹಿ ನೆಕ್ಕುತ್ತಾ ಅವಮಾನ ಮರೆಯದೆ ಕಾದ ಎಂಬುದು ಚೀನಾದ ಮನೆಮನೆಯ ಕಥೆ. ಕ್ರಿಸ್ತಪೂರ್ವ 473ರಲ್ಲಿ ಅವನು ವೂ ರಾಜ್ಯವನ್ನು ಅಳಿಸಿಹಾಕಿದ, ಫೂಚಾಯ್ ಪ್ರಾಣ ಕಳೆದುಕೊಂಡ. ಗೆದ್ದವನ ಖಡ್ಗ 1965ರಲ್ಲಿ ಹುಬೆಯ್ ಪ್ರಾಂತ್ಯದಲ್ಲಿ ಸಿಕ್ಕು ಈಗ ವೂಹಾನ್‌ನಲ್ಲಿದೆ. ಸೋತವನ ಈ ಖಡ್ಗವನ್ನು ಸುಝೌ 2014ರಲ್ಲಿ ತೈವಾನ್‌ನ ಸಂಗ್ರಾಹಕರೊಬ್ಬರಿಂದ ಪಡೆದುಕೊಂಡಿತು. ಊರಿನ ರಾಜನ ಖಡ್ಗ ಊರಿಗೆ ಬಂತು ಎಂಬ ಹೆಮ್ಮೆ ಇಲ್ಲಿಯವರಿಗೆ ಇನ್ನೂ ಆರಿಲ್ಲ.

ಸುಝೌ ಚಿತ್ರಕಾರರ ಹೆಸರು ಕೇಳಿದ್ದೆ. ಹೋದಾಗ ಅವರ ಚಿತ್ರಗಳು ಹೆಚ್ಚು ಕಾಣಲಿಲ್ಲ, ಯಾಕೆ?

ಕಾಗದ, ರೇಷ್ಮೆ ಎರಡಕ್ಕೂ ಬೆಳಕು ಶತ್ರು. ಸುರುಳಿಗಳನ್ನು ಕೆಲವು ತಿಂಗಳು ತೂಗುಹಾಕಿ ಮತ್ತೆ ಕತ್ತಲೆಗೆ ಸೇರಿಸುತ್ತಾರೆ. ನೀವು ಹೋದಾಗ ಯಾವುದು ಹೊರಗಿರುತ್ತದೋ ಅದು ನಿಮ್ಮ ಭಾಗ್ಯ.

ಆದರೂ ನಾಲ್ಕು ಹೆಸರು ತಿಳಿದಿರಲಿ: ಶೆನ್ ಝೌ, ವೆನ್ ಝೆಂಗ್‌ಮಿಂಗ್, ಟಾಂಗ್ ಯಿನ್, ಚ್ಯೂ ಯಿಂಗ್. ಮಿಂಗ್ ಕಾಲದ ಈ ನಾಲ್ವರೂ ಈ ಊರಿನವರು ಇಲ್ಲವೇ ಇಲ್ಲಿ ಬಾಳಿದವರು. ಶೆನ್ ಝೌ ಜೀವನದಲ್ಲಿ ಎಂದೂ ಸರ್ಕಾರಿ ಹುದ್ದೆಯ ಕಡೆ ತಲೆ ಹಾಕಲಿಲ್ಲ. ಅವನ ಶಿಷ್ಯ ವೆನ್ ಝೆಂಗ್‌ಮಿಂಗ್ ಸರ್ಕಾರಿ ಹುದ್ದೆಯ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾಗಿ, ಐವತ್ತು ದಾಟಿದ ಮೇಲೆ ಶಿಫಾರಸಿನಿಂದ ಬೀಜಿಂಗ್‌ನಲ್ಲಿ ಕೆಲಸ ಸಿಕ್ಕರೂ ಮನಸ್ಸು ನಿಲ್ಲದೆ ಕೆಲವೇ ವರ್ಷಗಳಲ್ಲಿ ಮರಳಿದ. ಟಾಂಗ್ ಯಿನ್ 1498ರಲ್ಲಿ ಪ್ರಾಂತ್ಯಕ್ಕೇ ಮೊದಲಿಗನಾದ. ಮರುವರ್ಷ ರಾಜಧಾನಿಯ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಹಗರಣದಲ್ಲಿ ಸಿಕ್ಕಿಕೊಂಡು ಜೈಲು ಕಂಡ, ಊರಿಗೆ ಬಂದು ಚಿತ್ರ ಮಾರಿ ಬದುಕಿದ. ಚ್ಯೂ ಯಿಂಗ್‌ಗೆ ಪಾಂಡಿತ್ಯದ ಹಿನ್ನೆಲೆಯೇ ಇರಲಿಲ್ಲ, ಅರಗು ಬಣ್ಣದ ಕೆಲಸಗಾರನಾಗಿದ್ದವನು. ಹುದ್ದೆ ತಪ್ಪಿದವರ, ಹುದ್ದೆ ಬೇಡವೆಂದವರ ಊರಿನಲ್ಲಿ ಈ ಉದ್ಯಾನಗಳು, ಈ ಚಿತ್ರಗಳು ಹುಟ್ಟಿದವು. ನಮ್ಮ ಪರೀಕ್ಷೆಯ ಗೀಳಿನ ನಾಡಿನಿಂದ ಹೋದವರಿಗೆ ಇದು ವಿಶೇಷವಾಗಿ ತಟ್ಟಬೇಕು.

ಪಕ್ಕದ ಹಳೆಯ ಅರಮನೆಗೆ ಹೋಗಲೇಬೇಕೇ?

ಹೋಗಬೇಕು. ಬಹಳ ಜನ ಹೊಸ ಕಟ್ಟಡ ನೋಡಿ ದಣಿದು ಅದನ್ನು ಬಿಟ್ಟುಬಿಡುತ್ತಾರೆ. ತಾಯ್‌ಪಿಂಗ್ ದಂಗೆಯ (ಚಿಂಗ್ ಚಕ್ರವರ್ತಿಗಳ ವಿರುದ್ಧದ ಬಂಡಾಯದ) ನಾಯಕ, ‘ನಿಷ್ಠಾವಂತ ರಾಜ’ ಎಂಬ ಬಿರುದಿನ ಲೀ ಶಿಯೂಚೆಂಗ್ 1860ರಲ್ಲಿ ಸುಝೌ ಹಿಡಿದು ಕಟ್ಟಿಸತೊಡಗಿದ ನಿವಾಸ ಅದು. ಮೂರೇ ವರ್ಷದಲ್ಲಿ ಚಿಂಗ್ ಸೈನ್ಯ ಊರನ್ನು ವಾಪಸು ಪಡೆಯಿತು, ಅರಮನೆ ಕಚೇರಿಯಾಯಿತು. 1960ರಲ್ಲಿ ವಸ್ತುಸಂಗ್ರಹಾಲಯ ಆರಂಭವಾದದ್ದು ಇಲ್ಲೇ. ಒಳಗೆ ಹಳೆಯ ನಾಟಕಶಾಲೆಯೂ ಇದೆ. ಅಂಗಳದಲ್ಲಿ ವೆನ್ ಝೆಂಗ್‌ಮಿಂಗ್ ತನ್ನ ಕೈಯಾರೆ ನೆಟ್ಟನೆಂದು ಹೇಳುವ ವಿಸ್ಟೀರಿಯಾ ಬಳ್ಳಿ ಇದೆ. ಸುಮಾರು ಐನೂರು ವರ್ಷದ್ದು, ಕಾಂಡ ಮರದಷ್ಟು ದಪ್ಪ. ಏಪ್ರಿಲ್ ಹೊತ್ತಿಗೆ ನೇರಳೆ ಹೂಗೊಂಚಲು ಇಳಿಬಿಡುತ್ತದೆ. ಹೊಸ ಕಟ್ಟಡದ ಅಂಗಳದಲ್ಲಿರುವ ಬಳ್ಳಿಗೂ ಇದರದೇ ಕಸಿ ಕಟ್ಟಿದ್ದಾರೆ.

ದೊಡ್ಡ ಕಂಚಿನ ಪಾತ್ರೆಗಳು ಸುಝೌನಲ್ಲಿದ್ದವಂತೆ, ಎಲ್ಲಿ ಹೋದವು?

ಸುಝೌನ ಪಾನ್ ಮನೆತನದ ಬಳಿ ಪಶ್ಚಿಮ ಝೌ ಎಂಬ ಪ್ರಾಚೀನ ರಾಜವಂಶದ ಕಾಲದ ಎರಡು ಮಹಾಪಾತ್ರೆಗಳಿದ್ದವು, ಒಂದು 153 ಕಿಲೋ, ಇನ್ನೊಂದು 201 ಕಿಲೋ. 1937ರಲ್ಲಿ ಜಪಾನೀ ಸೈನ್ಯ ಬರುವ ಸುದ್ದಿ ಬಂದಾಗ ಮನೆಯ ಹೊಣೆ ಹೊತ್ತಿದ್ದ ಯುವ ವಿಧವೆ ಪಾನ್ ದಾಯು ಅವನ್ನು ಪೆಟ್ಟಿಗೆಯಲ್ಲಿಟ್ಟು ಮನೆಯ ನೆಲದಡಿ ಹೂಳಿಸಿದರು. ಸೈನಿಕರು ಮತ್ತೆ ಮತ್ತೆ ಮನೆ ಜಾಲಾಡಿದರೂ ಪಾತ್ರೆ ಸಿಗಲಿಲ್ಲ. 1951ರಲ್ಲಿ ಅವರು ಎರಡನ್ನೂ ಶಾಂಘೈ ವಸ್ತುಸಂಗ್ರಹಾಲಯ ತೆರೆಯುವ ಹೊತ್ತಿಗೆ ಸರ್ಕಾರಕ್ಕೆ ದಾನ ಮಾಡಿದರು. ಹೆಚ್ಚು ತೂಕದ್ದು ಶಾಂಘೈಯಲ್ಲೇ ಇದೆ, ಇನ್ನೊಂದು ಬೀಜಿಂಗ್‌ಗೆ ಹೋಯಿತು. ಸುಝೌಗೆ ತನ್ನದೇ ವಸ್ತುಸಂಗ್ರಹಾಲಯ ಆಗ ಇರಲೂ ಇಲ್ಲ.

ಮಕ್ಕಳನ್ನು ಕರೆದುಕೊಂಡು ಹೋದರೆ ಬೇಸರವಾಗುತ್ತದೆಯೇ?

ಕೊಳದ ಮೀನುಗಳು ಅರ್ಧ ಗಂಟೆ ಹಿಡಿದಿಡುತ್ತವೆ. ಉಳಿದಂತೆ, ಮಿಂಗ್ ಮಂತ್ರಿ ವಾಂಗ್ ಶೀಜುವೆಯ ಸಮಾಧಿಯಲ್ಲಿ ಸಿಕ್ಕ ಗೊಂಬೆಮನೆಯ ಗಾತ್ರದ ಪೀಠೋಪಕರಣಗಳನ್ನು ತೋರಿಸಿ. ಮಂಚ, ಮೇಜು, ಕುರ್ಚಿ ಎಲ್ಲವೂ ಕೈಯಲ್ಲಿ ಹಿಡಿಯುವಷ್ಟು ಚಿಕ್ಕವು, ನಿಜವಾದವುಗಳ ತದ್ರೂಪು.

‘ಪಶ್ಚಿಮ ಭವನ’ ಎಂದು ಬೇರೊಂದಿದೆಯಲ್ಲ?

2021ರಲ್ಲಿ ಊರಿನ ಪಶ್ಚಿಮದ ಹೊಸ ಬಡಾವಣೆಯಲ್ಲಿ ತೆರೆದದ್ದು, ಜರ್ಮನ್ ಸಂಸ್ಥೆಯ ವಿನ್ಯಾಸ. ಸುಝೌನ ಇತಿಹಾಸವನ್ನು ಮೊದಲಿನಿಂದ ಕ್ರಮವಾಗಿ ತಿಳಿಯಬೇಕೆಂದರೆ ಅಲ್ಲಿಗೆ ಹೋಗಿ. ವಿಶಾಲ, ಜನ ಕಡಿಮೆ. ಒಂದೇ ದಿನವಿದ್ದರೆ ಮಾತ್ರ ಪೇ ಕಟ್ಟಡವೇ ಸರಿ. ಟ್ಯಾಕ್ಸಿಯವರಿಗೆ ಯಾವುದೆಂದು ಸ್ಪಷ್ಟವಾಗಿ ತೋರಿಸಿ, ಎರಡಕ್ಕೂ ನಡುವೆ ಬಹಳ ದೂರವಿದೆ.

ಟಿಕೆಟ್, ಸಮಯ, ದಾರಿ?

ಪ್ರವೇಶ ಉಚಿತ, ಆದರೆ ಮುಂಗಡ ನೋಂದಣಿ ಇಲ್ಲದೆ ಬಿಡುವುದಿಲ್ಲ. ನೋಂದಣಿಗೆ ವೀಚಾಟ್ ಎಂಬ ಚೀನೀ ಆ್ಯಪ್ ಬೇಕು, ಪಾಸ್‌ಪೋರ್ಟ್ ಸಂಖ್ಯೆ ಕೊಡಬೇಕು, ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಸೋಮವಾರ ರಜೆ. ಬೆಳಿಗ್ಗೆ 9ರಿಂದ ಸಂಜೆ 5, ಕೊನೆಯ ಪ್ರವೇಶ 4ಕ್ಕೆ. ಹೊರಡುವ ಮುನ್ನ ಇವನ್ನೊಮ್ಮೆ ಖಚಿತ ಮಾಡಿಕೊಳ್ಳಿ, ಹಬ್ಬದ ದಿನಗಳಲ್ಲಿ ಬದಲಾಗುತ್ತದೆ. ಬೇಸಿಗೆ ರಜೆಯಲ್ಲೂ ಅಕ್ಟೋಬರ್ ಮೊದಲ ವಾರದಲ್ಲೂ ಜಾಗ ಬೇಗ ಭರ್ತಿಯಾಗುತ್ತದೆ. ಮೆಟ್ರೊ 6ನೆಯ ಮಾರ್ಗದಲ್ಲಿ ಉದ್ಯಾನದ ಮತ್ತು ವಸ್ತುಸಂಗ್ರಹಾಲಯದ ಹೆಸರಿನದೇ ನಿಲ್ದಾಣವಿದೆ. ಭಾರತೀಯರಿಗೆ ಚೀನಾದ ವೀಸಾ ಬೇಕೇ ಬೇಕು.

ಹೋದ ದಿನ ಮಳೆ ಬಂದರೆ?

ಅದೃಷ್ಟ ಎಂದುಕೊಳ್ಳಿ. ಮಾಡಿನ ಕಲ್ಲು ಕಪ್ಪಾಗುತ್ತದೆ, ಕೊಳದಾಚೆಯ ಬೆಟ್ಟಗಳು ನೆನೆದು ಗಾಢವಾಗುತ್ತವೆ. ಜೂನ್‌ನಿಂದ ಜುಲೈ ತನಕ ಅಲ್ಲಿಯ ಜಿಟಿಜಿಟಿ ಮಳೆಗಾಲ.

ಸಸ್ಯಾಹಾರಿಗಳಿಗೆ ಊಟ?

ಅಕ್ಕಪಕ್ಕದ ಅಂಗಡಿಗಳಲ್ಲಿ ಕಷ್ಟ, ತರಕಾರಿ ನೂಡಲ್ಸ್‌ಗೂ ಮಾಂಸದ ಸಾರೇ ಹಾಕುತ್ತಾರೆ. ಊರಿನ ಪಶ್ಚಿಮಕ್ಕಿರುವ ಶೀಯುವಾನ್ ದೇವಾಲಯದಲ್ಲಿ ಅಣಬೆ, ಸೋಯಾ ಹಾಕಿದ ಸಸ್ಯಾಹಾರಿ ನೂಡಲ್ಸ್ ಸಿಗುತ್ತದೆ. ಊರವರೇ ಸಾಲಿನಲ್ಲಿ ನಿಂತು ತಿನ್ನುತ್ತಾರೆ. ಬೇರೆಡೆ ಹೋದರೆ ‘ಮಾಂಸ ಬೇಡ, ಮಾಂಸದ ಸಾರೂ ಬೇಡ’ ಎಂದು ಚೀನೀ ಭಾಷೆಯಲ್ಲಿ ಬರೆದ ಚೀಟಿ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಅಂಗಡಿಯಲ್ಲಿ ಕೊಳ್ಳುವಂಥದ್ದು ಏನಿದೆ?

ಕಮಲದ ಬಟ್ಟಲಿನ ಆಕಾರದ ಬಿಸ್ಕತ್ತು, ಫೂಚಾಯ್ ಖಡ್ಗದ ಆಟಿಕೆಗಳು ಇತ್ಯಾದಿ. ಅಲ್ಲಿಯ ಹೆಸರುವಾಸಿ ಸರಕೆಂದರೆ ವೆನ್ ಝೆಂಗ್‌ಮಿಂಗ್‌ನ ಬಳ್ಳಿಯ ಬೀಜ. ಮೂರು ಬೀಜಗಳ ಪುಟ್ಟ ಪೆಟ್ಟಿಗೆ, ವರ್ಷಕ್ಕೆ ಸೀಮಿತ ಸಂಖ್ಯೆಯಲ್ಲಿ ಮಾರುತ್ತಾರೆ. ಬಿತ್ತನೆ ಬೀಜವನ್ನು ಭಾರತಕ್ಕೆ ತರಲು ಮೊದಲೇ ಸಸ್ಯ ಕ್ವಾರಂಟೈನ್ ಇಲಾಖೆಯ ಪರವಾನಗಿ ಬೇಕು. ಅದಿಲ್ಲದೆ ಚೀಲದಲ್ಲಿ ತಂದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಸುಝೌನಲ್ಲೇ ನೆಲೆಸಿರುವ ಗೆಳೆಯರಿದ್ದರೆ ಅವರಿಗೆ ಉಡುಗೊರೆ ಕೊಡಿ.